ಬಯಲುಸೀಮೆಯ ಮರಕ್ಕೆ ಬಿಲ್ಲಿನ ಬಾಗು

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇಗುಂಟನೂರಿನಿಂದ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳವರೆಗೆ ಹರಡಿದ ಬಯಲುಸೀಮೆಯಲ್ಲಿ ಆಳೆತ್ತರಕ್ಕೆ ನೆಟ್ಟಗೆ ಬೆಳೆದ, ಗಂಟಿಲ್ಲದ, ಎಳೆ ತಿರುಚಿಕೊಳ್ಳದ ಮರ ಸಿಗುವುದು ಅಪರೂಪ. ಮಳೆ ಕಡಿಮೆಯಾದ ಈ ನೆಲದಲ್ಲಿ ಜಾಲಿ, ದಿಂಡಿಗ, ಕಗ್ಗಲಿಗಳು ಗಿಡ್ಡಗೆ, ಕೊಂಕುತ್ತ ಬೆಳೆಯುತ್ತವೆ. ಆದರೆ ಅವುಗಳ ಚೇಗು, ಅಂದರೆ ಕಾಂಡದ ಒಳಗಿನ ಬಲಿತ ಭಾಗ, ಬಂಡಿ ಮತ್ತು ಬೇಸಾಯದ ಸಾಮಾನುಗಳಿಗೆ ತಲೆಮಾರುಗಳಿಂದ ಒದಗಿಬಂದಷ್ಟು ಗಟ್ಟಿಯಾದುದು. ಒಂದೇ ತುಂಡಿನಿಂದ ಕೆತ್ತಿ ತೆಗೆಯುವ ಬಿಲ್ಲಿಗೆ ಇಂತಹ ಮರ ಹೊಂದುವುದಿಲ್ಲವಾದರೂ, ಅದನ್ನು ತೆಳುವಾದ ಪಟ್ಟಿಗಳಾಗಿ ಕೊಯ್ದು ಬಿದಿರಿನೊಡನೆ ಅಂಟಿಸಿದಾಗ ಮರದ ಕೊಂಕು ಅಡ್ಡಿಯಾಗುವುದಿಲ್ಲ, ಗಟ್ಟಿತನ ಮಾತ್ರ ಉಳಿಯುತ್ತದೆ. ಪದರ ಬಿಲ್ಲು ಎಂದು ಕರೆಯಬಹುದಾದ ಈ ರಚನೆಯ ಹಿಂದಿನ ತರ್ಕ ಸರಳವಾದುದು: ಒಳ್ಳೆಯ ಬಿಲ್ಲಿಗೆ ಒಳ್ಳೆಯ ಮರ ಬೇಕೆಂಬುದಕ್ಕಿಂತ, ಇರುವ ಮರವನ್ನು ಅದು ತಾಳಬಲ್ಲ ಜಾಗದಲ್ಲಿ ಇರಿಸಬೇಕೆಂಬುದೇ ಇಲ್ಲಿ ಮುಖ್ಯ.

ನೀಳಬಿಲ್ಲು ಎಂದರೆ ಹೆಚ್ಚುಕಡಿಮೆ ಬಿಲ್ಗಾರನ ಎತ್ತರದಷ್ಟೇ ಉದ್ದವಿರುವ, ಹೆದೆಯೇರಿಸಿದಾಗ ಹಗ್ಗವು ಎರಡು ತುದಿಗಳನ್ನು ಬಿಟ್ಟು ಬೇರೆಲ್ಲಿಯೂ ಮರಕ್ಕೆ ತಾಗದ ಬಿಲ್ಲು. ಕ್ರೀಡಾವಲಯದಲ್ಲಿ ಇದನ್ನು ಲಾಂಗ್‌ಬೋ ಎನ್ನುತ್ತಾರೆ. ಅದರ ನಡುವಿನ ಹಿಡಿ ಬಾಗುವುದಿಲ್ಲ ಅಥವಾ ಬಲು ಕಡಿಮೆ ಬಾಗುತ್ತದೆ; ಹಿಡಿಯ ಮೇಲೂ ಕೆಳಗೂ ಚಾಚಿದ ಎರಡು ತೋಳುಗಳು ಬಾಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ. ಗುರಿಯ ಕಡೆಗಿರುವ ಮೈಯನ್ನು ಬೆನ್ನೆಂದೂ ಬಿಲ್ಗಾರನ ಕಡೆಗಿರುವ ಮೈಯನ್ನು ಹೊಟ್ಟೆಯೆಂದೂ, ಹೆದೆ ಕೂರುವ ತುದಿಯನ್ನು ಕೊಪ್ಪು ಎಂದೂ ಕರೆಯುವುದು ರೂಢಿ. ಮುಂದಿನ ವಿವರಣೆಯಲ್ಲಿ ಈ ಪದಗಳನ್ನು ಇದೇ ಅರ್ಥದಲ್ಲಿ ಬಳಸಲಾಗಿದೆ.

ಗ್ರಂಥದಲ್ಲಿ ಬಿಲ್ಲು, ನೆಲದಲ್ಲಿ ಬಿಲ್ಲು

ಭಾರತದ ಬಿಲ್ಲುಗಳ ಕಚ್ಚಾವಸ್ತುಗಳ ಬಗೆಗೆ ದೊರೆಯುವ ಹಳೆಯ ಪಟ್ಟಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ್ದು ಬಹಳ ಸ್ಪಷ್ಟವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಈ ಗ್ರಂಥದ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅದನ್ನು ಮುದ್ರಿಸಿ ಹೊರತಂದ ಮೇಲೆಯೇ ಆಧುನಿಕ ಜಗತ್ತಿಗೆ ಅದರ ಪರಿಚಯವಾಯಿತು. ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ ಮತ್ತು ಕೊಂಬು ಎಂಬ ನಾಲ್ಕು ವಸ್ತುಗಳಿಂದ ಬಿಲ್ಲು ಮಾಡಬೇಕೆಂದೂ, ಹೆದೆಗೆ ಮೂರ್ವಾ, ಎಕ್ಕ, ಸಣಬು, ಬಿದಿರು ಮೊದಲಾದವುಗಳ ನಾರನ್ನೋ ಪ್ರಾಣಿಗಳ ಸ್ನಾಯುವನ್ನೋ ಬಳಸಬೇಕೆಂದೂ ಹೇಳಿದೆ. ಈ ಪಟ್ಟಿಯ ಬಹುಪಾಲು ವಸ್ತುಗಳು ಚಿತ್ರದುರ್ಗ ಜಿಲ್ಲೆಯವರಿಗೆ ಹೊಸವಲ್ಲ. ಎಕ್ಕವಂತೂ ಬೀಳುಬಿದ್ದ ಹೊಲದಲ್ಲಿ, ಕೆರೆ ಏರಿಯ ಮೇಲೆ, ರಸ್ತೆಯ ಬದಿಯಲ್ಲಿ ಯಾರೂ ನೆಡದೆ ಬೆಳೆಯುವ ಗಿಡ, ಮತ್ತು ಅದರ ಕಾಂಡದ ಸಿಪ್ಪೆಯಿಂದ ಬಿಡಿಸಿದ ನಾರು ಬೆಳ್ಳಗೆ, ನವಿರಾಗಿ, ಎಳೆತಕ್ಕೆ ಬಲು ಗಟ್ಟಿಯಾಗಿರುತ್ತದೆ.

ಉದ್ದನೆಯ ಬಿಲ್ಲಿನ ಉಲ್ಲೇಖ ಗ್ರೀಕರಲ್ಲಿಯೂ ಇದೆ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನ ಬರಹವನ್ನು ಆಧರಿಸಿ ಏರಿಯನ್ ಎಂಬ ಇತಿಹಾಸಕಾರನು, ಭಾರತದ ಕಾಲಾಳುಗಳ ಬಿಲ್ಲು ಅದನ್ನು ಹಿಡಿದವನಷ್ಟೇ ಉದ್ದವಿತ್ತೆಂದೂ, ಅದರ ಒಂದು ತುದಿಯನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿಹಿಡಿದು ಹೆದೆ ಸೆಳೆಯುತ್ತಿದ್ದರೆಂದೂ ದಾಖಲಿಸಿದ್ದಾನೆ. ನೊಳಂಬರು ಆಳಿದ ಈ ಸೀಮೆಯೂ ಸೇರಿದಂತೆ ಕರ್ನಾಟಕದ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರನ ಶಿಲ್ಪ ಮತ್ತೆಮತ್ತೆ ಕಾಣಸಿಗುತ್ತದೆ. ಚಿತ್ರದುರ್ಗದ ಪಾಳೆಯಗಾರರ ಸೈನ್ಯಕ್ಕೆ ಬೇಡ ಸಮುದಾಯದ ಬಿಲ್ಗಾರಿಕೆ ಆಧಾರವಾಗಿದ್ದುದು, 1779ರಲ್ಲಿ ಹೈದರಾಲಿಯ ವಶಕ್ಕೆ ಕೋಟೆ ಬಿದ್ದಮೇಲೆ ಆ ರಾಜ್ಯವೇ ಕೊನೆಗೊಂಡುದು ತಿಳಿದ ಸಂಗತಿ. ಕೋವಿ ಬಂದು ಬಿಲ್ಲಿನ ಯುದ್ಧದ ಬಳಕೆಯನ್ನೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಬಳಕೆಯನ್ನೂ ನಿಲ್ಲಿಸಿದ ಮೇಲೆ ಉಳಿದದ್ದು ಎರಡು: ವಿಜಯದಶಮಿಯಂದು ನಾಡಿನ ಅನೇಕ ಊರುಗಳಲ್ಲಿ ಬನ್ನಿಯ ಬಳಿ ನಡೆಯುವ ಅಂಬು ಹೊಡೆಯುವ ಆಚರಣೆ ಮತ್ತು ಕ್ರೀಡೆ. ಭಾರತೀಯ ಬಿಲ್ಗಾರಿಕೆ ಸಂಸ್ಥೆ 1973ರಲ್ಲಿ ಸ್ಥಾಪನೆಯಾದ ನಂತರ ಬೆಳೆದುಬಂದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದ್ದು, ದುಬಾರಿ ವಿದೇಶಿ ಉಪಕರಣ ಕೊಳ್ಳಲಾಗದ ಮಕ್ಕಳು ಬಿದಿರು ಮತ್ತು ಮರದ ಬಿಲ್ಲಿನಿಂದಲೇ ಆಟವನ್ನು ಆರಂಭಿಸಲು ಅದು ದಾರಿಯಾಗಿದೆ.

ಬಾಗಿನ ಲೆಕ್ಕ

ಬಾಗಿದ ಮರದ ತೋಳಿನಲ್ಲಿ ಏನಾಗುತ್ತದೆಂಬುದನ್ನು ತಿಳಿಯದೆ ಪದರಗಳ ಜೋಡಣೆ ಅರ್ಥವಾಗುವುದಿಲ್ಲ. ಹೆದೆ ಸೆಳೆದಾಗ ಬಿಲ್ಲಿನ ಬೆನ್ನು ಹಿಗ್ಗಬೇಕಾಗುತ್ತದೆ, ಹೊಟ್ಟೆ ಕುಗ್ಗಬೇಕಾಗುತ್ತದೆ. ಎರಡರ ನಡುವೆ ಹಿಗ್ಗದ, ಕುಗ್ಗದ ಒಂದು ತೆಳುವಾದ ಮಟ್ಟವಿದ್ದು, ಅದನ್ನು ತಟಸ್ಥ ಪದರ ಎನ್ನುತ್ತಾರೆ. ಬೆನ್ನಿನ ಎಳೆಗಳು ಎಳೆತವನ್ನು ತಾಳದಿದ್ದರೆ ಬಿಲ್ಲು ಒಂದೇ ಏಟಿಗೆ ಸಿಡಿದು ಮುರಿಯುತ್ತದೆ. ಹೊಟ್ಟೆಯ ಎಳೆಗಳು ಒತ್ತನ್ನು ತಾಳದಿದ್ದರೆ ಮುರಿಯುವ ಮೊದಲು ಅಡ್ಡಲಾಗಿ ಸಣ್ಣ ಸುಕ್ಕುಗೆರೆಗಳು ಮೂಡಿ, ಬಿಲ್ಲು ಹೆದೆ ಇಳಿಸಿದ ಮೇಲೂ ಬಾಗಿದಂತೆಯೇ ಉಳಿದು, ದಿನದಿಂದ ದಿನಕ್ಕೆ ಕಸುವು ಕಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಯೂ ಎಂಬ ಮರ ಬಿಲ್ಲಿಗೆ ಹೆಸರಾಗಿದ್ದುದಕ್ಕೆ ಕಾರಣ ಇದೇ: ಅದರ ಹೊರಗಿನ ಬಿಳಿಮರ ಎಳೆತಕ್ಕೆ ಒಳ್ಳೆಯದು, ಒಳಗಿನ ಚೇಗು ಒತ್ತಿಗೆ ಒಳ್ಳೆಯದು, ಆದ್ದರಿಂದ ಎರಡೂ ಕೂಡಿರುವಂತೆ ಕೆತ್ತಿದರೆ ಮರವೇ ಎರಡು ಪದರದ ಬಿಲ್ಲಾಗುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಇದಕ್ಕೆ ಸಾಕ್ಷಿ. ಆ ಮರ ಇಲ್ಲದ ಕಡೆ ಜನರು ಅದೇ ಗುಣವನ್ನು ಕೈಯಿಂದ ಜೋಡಿಸಿಕೊಂಡರು; ಉತ್ತರ ಯುರೋಪಿನ ಸಾಮಿ ಜನರು ಬರ್ಚ್ ಮತ್ತು ಪೈನ್ ಮರಗಳನ್ನು ಒಂದಕ್ಕೊಂದು ಅಂಟಿಸಿದರು, ಜಪಾನೀಯರು ಬಿದಿರಿನ ಎರಡು ಪಟ್ಟಿಗಳ ನಡುವೆ ಮರವನ್ನೂ ಬಿದಿರನ್ನೂ ಸೇರಿಸಿ ಎರಡು ಮೀಟರಿಗೂ ಉದ್ದನೆಯ ಯುಮಿ ಬಿಲ್ಲನ್ನು ರೂಪಿಸಿದರು.

ತೋಳಿನ ಬಿಗುವು ಅದರ ಅಗಲಕ್ಕೆ ನೇರವಾಗಿಯೂ ದಪ್ಪದ ಘನಕ್ಕೆ ಅನುಗುಣವಾಗಿಯೂ ಬದಲಾಗುತ್ತದೆ. ಅಗಲವನ್ನು ಎರಡು ಪಟ್ಟು ಮಾಡಿದರೆ ಬಿಗುವು ಎರಡು ಪಟ್ಟಾಗುತ್ತದೆ, ದಪ್ಪವನ್ನು ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ. ದಪ್ಪದಲ್ಲಿ ನೂರಕ್ಕೆ 10 ಭಾಗ ಕೀಸಿದರೆ ಬಿಗುವು ನೂರಕ್ಕೆ 27ರಷ್ಟು ಕುಸಿಯುತ್ತದೆ. ಹೊಟ್ಟೆಯ ಮೇಲಿಂದ ಹೋಗುವ ಕಾಗದದಷ್ಟು ತೆಳುವಾದ ಹೆರೆ ಕೂಡ ಬಿಲ್ಲಿನ ಬಾಗನ್ನು ಬದಲಿಸುವುದು ಈ ಲೆಕ್ಕದಿಂದಲೇ. ಹಾಗೆಯೇ 12 ಮಿಲಿಮೀಟರ್ ದಪ್ಪದ ತೋಳು 60 ಸೆಂಟಿಮೀಟರ್ ತ್ರಿಜ್ಯದ ವೃತ್ತದ ಅಂಚಿನಂತೆ ಬಾಗಿದಾಗ ಅದರ ಬೆನ್ನು ನೂರಕ್ಕೆ ಸುಮಾರು 1ರಷ್ಟು ಹಿಗ್ಗಿರುತ್ತದೆ, ಹೊಟ್ಟೆ ಅಷ್ಟೇ ಕುಗ್ಗಿರುತ್ತದೆ, ಮತ್ತು ಬಹುತೇಕ ಮರಗಳ ತಾಳಿಕೆಯ ಎಲ್ಲೆ ಅದರ ಆಸುಪಾಸಿನಲ್ಲಿಯೇ ಇರುತ್ತದೆ. ಬಿಲ್ಲು ಉದ್ದವಾದಷ್ಟೂ ಅದೇ ಸೆಳೆತಕ್ಕೆ ಬಾಗು ನಿಧಾನವಾಗುವುದರಿಂದ, ಮೊದಲ ಬಾರಿಗೆ ಮಾಡುವವರಿಗೆ 170ರಿಂದ 180 ಸೆಂಟಿಮೀಟರ್ ಉದ್ದದ ಬಿಲ್ಲು ಹೆಚ್ಚು ಸುರಕ್ಷಿತ.

ಯಾವ ಪದರಕ್ಕೆ ಯಾವ ಮರ

ಬೆನ್ನಿಗೆ ಬಿದಿರಿಗಿಂತ ಒಳ್ಳೆಯ ವಸ್ತು ಈ ನಾಡಿನಲ್ಲಿ ಸಿಗುವುದು ಕಷ್ಟ. ಬಿದಿರಿನ ಗೋಡೆಯಲ್ಲಿ ನಾರಿನ ಕಟ್ಟುಗಳು ಒಳಮೈಗಿಂತ ಹೊರಮೈಯ ಬಳಿ ದಟ್ಟವಾಗಿರುವುದರಿಂದ ಅದರ ಹೊರಪದರ ಎಳೆತವನ್ನು ಅಸಾಧಾರಣವಾಗಿ ತಾಳುತ್ತದೆ. ಗಟ್ಟಿಯಾದ ಕಿರುಬಿದಿರು ಸಹಜವಾಗಿ ಮನಸ್ಸಿಗೆ ಬರುತ್ತದೆಯಾದರೂ ಅದರ ಸುತ್ತಳತೆ ಕಡಿಮೆಯಿರುವುದರಿಂದ ಸೀಳಿದ ಪಟ್ಟಿಯ ಬೆನ್ನು ಉಬ್ಬಿ, ಎಳೆತವೆಲ್ಲವೂ ಆ ಉಬ್ಬಿನ ನೆತ್ತಿಯ ಮೇಲೆ ಬೀಳುತ್ತದೆ. ಅದಕ್ಕಾಗಿ ಹೆಬ್ಬಿದಿರಿನ ಬುಡದ ಕಡೆಯ ದಪ್ಪ ಗಳುವನ್ನು ಆರಿಸಿದರೆ ಪಟ್ಟಿ ಹೆಚ್ಚು ಚಪ್ಪಟೆಯಾಗಿ ದೊರೆಯುತ್ತದೆ. ಮೂರು ನಾಲ್ಕು ವರ್ಷ ಬಲಿತ ಗಳುವನ್ನು ಮಳೆಗಾಲ ಮುಗಿದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು, ನಂತರ ನೆರಳಿನಲ್ಲಿ ಒಣಗಿಸುವುದು ಹಳೆಯ ಪದ್ಧತಿ. ಬಿದಿರಿನೊಳಗಿನ ಪಿಷ್ಟ ನೀರಿಗೆ ಇಳಿದುಹೋಗುವುದರಿಂದ ಅದನ್ನು ತಿನ್ನಲು ಬರುವ ಕುಟ್ಟೆ ಹುಳುವಿನ ಕಾಟ ತಗ್ಗುತ್ತದೆ. ಗಳುವನ್ನು ನೆಟ್ಟಗೆ ಸೀಳುವ ಕೈಚಳಕ ಮೇದರದು. ಕತ್ತಿಯನ್ನು ಬಿಗಿಹಿಡಿದು, ಸೀಳು ಒಂದು ಬದಿಗೆ ಓಡತೊಡಗಿದಾಗ ದಪ್ಪ ಉಳಿದ ಭಾಗವನ್ನು ಹೆಚ್ಚು ಬಾಗಿಸಿ ಅದನ್ನು ಮತ್ತೆ ನಡುವಿಗೆ ತರುವ ಅವರ ವಿಧಾನವನ್ನು ಗರಗಸ ಸರಿಗಟ್ಟಲಾರದು, ಏಕೆಂದರೆ ಗರಗಸ ನಾರನ್ನು ಕಡಿಯುತ್ತದೆ, ಸೀಳು ನಾರಿನ ಜೊತೆಗೇ ಸಾಗುತ್ತದೆ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟ 2017ರ ಅರಣ್ಯ ಕಾಯ್ದೆಯ ತಿದ್ದುಪಡಿಯಿಂದಾಗಿ ಹೊಲದ ಬದುವಿನ ಬಿದಿರನ್ನು ಬಳಸುವುದು ಸುಲಭವಾಗಿದೆ. ಕಾಡಿನ ಮರಕ್ಕಾದರೋ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ.

ಹೊಟ್ಟೆಗೆ ಒತ್ತು ತಾಳುವ, ಸಾಂದ್ರವಾದ ಮರ ಬೇಕು. ಸಂಸ್ಕೃತದಲ್ಲಿ ಧನುರ್ವೃಕ್ಷವೆಂದೇ ಹೆಸರು ಪಡೆದ ತಡಸಲು ಮರ ಕರ್ನಾಟಕದ ಎಲೆಯುದುರುವ ಕಾಡುಗಳದು. ಬಾಗಿದರೂ ಮುರಿಯದೆ ಮತ್ತೆ ನೆಟ್ಟಗಾಗುವ ಗುಣಕ್ಕಾಗಿ ಬಂಡಿಯ ಮೂಕಿ, ದೋಣಿಯ ಹುಟ್ಟು, ಹತ್ಯಾರಗಳ ಹಿಡಿಗೆ ಅದು ಬಳಕೆಯಾಗಿದೆ. ಬಂಡಿಯ ಅಚ್ಚಿಗೆ ಹೆಸರಾದ ದಿಂಡಿಗವೂ ಗಟ್ಟಿ ಮತ್ತು ಜಿಗುಟು. ಇವೆರಡೂ ಸಾಮಿಲ್ಲುಗಳಲ್ಲಿ ಯಾವಾಗಲೂ ಸಿಗುವವಲ್ಲ. ಯಾವಾಗಲೂ ಸಿಗುವುದು, ಮತ್ತು ಕಡಿದರೆ ಯಾರೂ ಬೇಡವೆನ್ನದಿರುವುದು, ಜಿಲ್ಲೆಯ ಕೆರೆಯಂಗಳಗಳನ್ನೂ ಬೀಳು ಭೂಮಿಯನ್ನೂ ಆಕ್ರಮಿಸಿರುವ ಬಳ್ಳಾರಿ ಜಾಲಿ. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಮುಳ್ಳುಗಿಡ ಸೌದೆಗೂ ಇದ್ದಿಲಿಗೂ ಮಾತ್ರ ಲಾಯಕ್ಕೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದರ ಚೇಗು ಬಲು ಸಾಂದ್ರವಾದುದು, ಒಣಗುವಾಗ ಕುಗ್ಗುವುದು ಮತ್ತು ಸೊಟ್ಟಗಾಗುವುದು ಬಹಳ ಕಡಿಮೆ, ಅದರ ಬಂಧುವಾದ ಮೆಸ್ಕೀಟ್ ಮರದಿಂದ ಅಮೆರಿಕದ ನೈರುತ್ಯ ಭಾಗದ ಮೂಲನಿವಾಸಿಗಳು ಬಿಲ್ಲು ಮಾಡುತ್ತಿದ್ದರು. ಅದರ ಒಂದೇ ತೊಂದರೆ ಕಾಂಡದ ಕೊಂಕು. ಮೂರು ಅಡಿ ಉದ್ದದ ನೆಟ್ಟನೆಯ ಎರಡು ತುಂಡುಗಳು ಸಿಕ್ಕಿದರೂ ಸಾಕು, ಅವುಗಳ ತುದಿಗಳನ್ನು ಉದ್ದವಾಗಿ ಇಳಿಜಾರಿಸಿ ಹಿಡಿಯ ಜಾಗದಲ್ಲಿ ಒಂದಕ್ಕೊಂದು ಬೆಸೆದು ಇಡೀ ಬಿಲ್ಲಿನ ಹೊಟ್ಟೆಯ ಪಟ್ಟಿಯನ್ನು ಪಡೆಯಬಹುದು. ಹಿಡಿ ಬಾಗದ ಭಾಗವಾದ್ದರಿಂದ ಆ ಬೆಸುಗೆಗೆ ಹೆಚ್ಚಿನ ಹೊರೆ ಬೀಳುವುದಿಲ್ಲ.

ಬೆನ್ನು ಮತ್ತು ಹೊಟ್ಟೆಗಳ ನಡುವಿನ ತಿರುಳಿನ ಪದರ ಎರಡನ್ನೂ ದೂರವಿರಿಸುವ ಕೆಲಸ ಮಾಡುತ್ತದೆ. ಅಲ್ಲಿ ಎಳೆತವೂ ಒತ್ತೂ ಕಡಿಮೆಯಿದ್ದು, ಒಂದು ಪದರ ಇನ್ನೊಂದರ ಮೇಲೆ ಜಾರಲು ನೋಡುವ ಬಲ ಮಾತ್ರ ಹೆಚ್ಚಾಗಿರುವುದರಿಂದ, ಹಗುರವಾದ ಆದರೆ ಎಳೆ ನೇರವಾಗಿರುವ ಸಾಧಾರಣ ತೇಗವೋ ಬಿದಿರಿನ ಮತ್ತೊಂದು ಪಟ್ಟಿಯೋ ಸಾಕಾಗುತ್ತದೆ. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗಗಳ ತೋಟಗಳಲ್ಲಿ ಬೇಲಿಗೂ ಚಪ್ಪರಕ್ಕೂ ಬಳಕೆಯಾಗುವ ಅಡಿಕೆ ದಬ್ಬೆಯೂ ಇಲ್ಲಿ ಯೋಚಿಸಬೇಕಾದ ವಸ್ತು: ಅರ್ಥಶಾಸ್ತ್ರದ ತಾಳೆಯಂತೆ, ಪಪುವಾ ನ್ಯೂಗಿನಿಯ ಜನರು ಇಂದಿಗೂ ಬಿಲ್ಲಿಗೆ ಬಳಸುವ ಕರಿತಾಳೆಯಂತೆ ಅಡಿಕೆಯೂ ತಾಳೆಯ ಕುಲದ್ದೇ, ಅದರ ಕಾಂಡದ ಹೊರಭಾಗವೂ ಕಪ್ಪು ನಾರುಗಳಿಂದ ದಟ್ಟವಾಗಿರುತ್ತದೆ. ಬಲಿತ ಮರದ ಹೊರಮೈಯ ಒಂದು ಬೆರಳು ದಪ್ಪದ ಭಾಗವನ್ನಷ್ಟೇ ತೆಗೆದುಕೊಂಡು ಒಳಗಿನ ಮೆತ್ತನೆಯ ತಿರುಳನ್ನು ಪೂರ್ತಿ ಕೀಸಿ ಹಾಕಬೇಕು.

ಬಿದಿರಿನ ಬಲವೇ ಒಮ್ಮೊಮ್ಮೆ ಬಿಲ್ಲಿಗೆ ಕೇಡಾಗುತ್ತದೆಂಬುದನ್ನೂ ಇಲ್ಲಿ ಹೇಳಬೇಕು. ಬೆನ್ನಿನ ಬಿದಿರು ದಪ್ಪವಾಗಿದ್ದರೆ ತಟಸ್ಥ ಪದರ ಬೆನ್ನಿನ ಕಡೆಗೆ ಸರಿದು, ಹೊಟ್ಟೆಯ ಮರದ ಮೇಲೆ ಬೀಳುವ ಒತ್ತು ಹೆಚ್ಚಾಗುತ್ತದೆ. ಬಿದಿರು ಮುರಿಯದೆ ಉಳಿಯುತ್ತದೆ, ಮರ ಸುಕ್ಕುಗಟ್ಟುತ್ತದೆ. ಆದ್ದರಿಂದ ಬೆನ್ನಿನ ಪಟ್ಟಿಯನ್ನು ಹಿಡಿಯ ಬಳಿ ಸುಮಾರು 4 ಮಿಲಿಮೀಟರಿಗೂ ತುದಿಗಳಲ್ಲಿ ಸುಮಾರು 2 ಮಿಲಿಮೀಟರಿಗೂ ಇಳಿಸುತ್ತಾರೆ, ಮತ್ತು ಹಾಗೆ ಇಳಿಸುವಾಗ ಒಳಮೈಯನ್ನು ಮಾತ್ರ ಕೀಸುತ್ತಾರೆ. ಹೊರಮೈಯ ಮೇಣದಂತಹ ಹೊಳಪನ್ನು ತೆಗೆಯಬಹುದು, ಗಿಣ್ಣಿನ ಏಣನ್ನು ತುಸು ತಗ್ಗಿಸಬಹುದು, ಅದಕ್ಕಿಂತ ಆಳಕ್ಕೆ ಹೋದರೆ ಬಿಲ್ಲಿನ ಬೆನ್ನನ್ನು ಕಾಯುವ ಎಳೆಗಳೇ ಕಡಿದುಹೋಗುತ್ತವೆ.

ಅಂಟಿಸುವ ಕೆಲಸ

ಪಟ್ಟಿಗಳು ಅಂಟಿಗೆ ಬರುವ ಮೊದಲು ಒಣಗಿರಬೇಕು. ಸುತ್ತಲಿನ ಗಾಳಿಯ ಆರ್ದ್ರತೆ ನೂರಕ್ಕೆ 50ರ ಆಸುಪಾಸಿನಲ್ಲಿರುವಾಗ ಮರದೊಳಗಿನ ನೀರಿನಂಶ ಅದರ ಒಣ ತೂಕದ ನೂರಕ್ಕೆ 9ರ ಬಳಿ ನಿಲ್ಲುತ್ತದೆ. ಬಿಲ್ಲಿಗೆ 8ರಿಂದ 10ರವರೆಗಿನ ಅಂಶ ಹಿತವಾದುದು. ಮಲೆನಾಡಿನಲ್ಲಿ ಇದನ್ನು ಸಾಧಿಸಲು ಬಿಸಿಪೆಟ್ಟಿಗೆ ಬೇಕಾಗುತ್ತದೆ, ದುರ್ಗದ ಸೀಮೆಯಲ್ಲಿ ದೀಪಾವಳಿಯಿಂದ ಯುಗಾದಿಯವರೆಗಿನ ಹವೆಯೇ ಆ ಕೆಲಸ ಮಾಡಿಕೊಡುತ್ತದೆ. ಪಟ್ಟಿಯನ್ನು ವಾರಕ್ಕೊಮ್ಮೆ ತೂಗುತ್ತ ಬಂದು, ತೂಕ ಇಳಿಯುವುದು ನಿಂತಾಗ ಅದು ಹದಕ್ಕೆ ಬಂದಿದೆಯೆಂದು ತಿಳಿಯಬಹುದು. ಬಿರುಬೇಸಿಗೆಯ ಬಿಸಿಲಿಗೆ ನೇರವಾಗಿ ಒಡ್ಡಿದ ಪಟ್ಟಿ ಬೇಗ ಒಣಗುತ್ತದೆ, ಆದರೆ ತುದಿಗಳಲ್ಲಿ ಬಿರುಕು ಬಿಡುತ್ತದೆ.

ಹಿಂದಿನ ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾದ ಸರೇಸನ್ನು ಬಿಸಿಮಾಡಿ ಬಳಸುತ್ತಿದ್ದರು. ಅದರ ಹಿಡಿತ ಬಲವಾದುದಾದರೂ ತೇವಕ್ಕೆ ಸಡಿಲವಾಗುತ್ತದೆ. ಪೀಠೋಪಕರಣಗಳಿಗೆ ಬಳಸುವ ಬಿಳಿ ಅಂಟು ನಿರಂತರವಾದ ಹೊರೆಯ ಕೆಳಗೆ ಬಲು ನಿಧಾನವಾಗಿ ಜಾರುವ ಸ್ವಭಾವದ್ದಾದ್ದರಿಂದ ಬಿಗಿದ ಬಾಗನ್ನು ಹಿಡಿದಿಡಬೇಕಾದ ಕಡೆ ಅದನ್ನು ನಂಬುವಂತಿಲ್ಲ. ಎರಡು ಟ್ಯೂಬುಗಳಲ್ಲಿ ಅಥವಾ ಡಬ್ಬಿಗಳಲ್ಲಿ ಬರುವ, ಬೆರೆಸಿದ ಮೇಲೆ ಗಟ್ಟಿಯಾಗುವ ಎಪಾಕ್ಸಿ ಅಂಟು ಮನೆಯಲ್ಲಿ ಮಾಡುವವರಿಗೆ ಹೆಚ್ಚು ಒಪ್ಪುತ್ತದೆ. ಪಟ್ಟಿಗಳ ನಡುವಿನ ಕೂದಲೆಳೆಯಷ್ಟು ಸಂದನ್ನೂ ಅದು ತುಂಬುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯನ್ನು ಬಿಟ್ಟು ನಿಧಾನವಾಗಿ ಗಟ್ಟಿಯಾಗುವುದನ್ನೇ ಆರಿಸಬೇಕು, ಏಕೆಂದರೆ ಆರಡಿ ಉದ್ದದ ಮೂರು ನಾಲ್ಕು ಪಟ್ಟಿಗಳ ಎರಡೂ ಮುಖಕ್ಕೆ ಬಳಿದು, ಜೋಡಿಸಿ, ಬಿಗಿಯುವಷ್ಟರಲ್ಲಿ ಅರ್ಧ ಗಂಟೆಯಾದರೂ ಕಳೆದಿರುತ್ತದೆ.

ಅಂಟು ಹಿಡಿಯುವ ಮುಖಗಳು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ನುಸುಳದಷ್ಟು ಸಮವಾಗಿರಬೇಕು. ನಂತರ ಒರಟು ಉಪ್ಪುಕಾಗದದಿಂದ ಉಜ್ಜಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಅಲ್ಲಿಗೆ ಬೆರಳು ತಾಗಿಸಬಾರದು. ಕೈಯ ಬೆವರಿನ ಜಿಡ್ಡು ಸಾಕು, ತಿಂಗಳುಗಳ ನಂತರ ಆ ಜಾಗದಲ್ಲಿಯೇ ಪದರ ಬಿಡುತ್ತದೆ. ಅಂಟು ಬಳಿದ ಪಟ್ಟಿಗಳನ್ನು ಅಚ್ಚಿನ ಮೇಲೆ ಮಲಗಿಸುತ್ತಾರೆ. ಅಚ್ಚೆಂದರೆ ಬಿಲ್ಲಿಗೆ ಬೇಕಾದ ಬಾಗನ್ನು ಮೇಲಂಚಿನಲ್ಲಿ ಕೊಯ್ದಿಟ್ಟ ದಪ್ಪ ಹಲಗೆ. ಅದರ ತುದಿಗಳು ನಡುವಿಗಿಂತ 3 ಸೆಂಟಿಮೀಟರಿನಷ್ಟು ಸರಿದಿದ್ದು, ಮುಂದೆ ಹೆದೆ ಸೆಳೆಯುವ ದಿಕ್ಕಿಗೆ ವಿರುದ್ಧವಾಗಿ ಬಿಲ್ಲು ಬಾಗಿರುವಂತೆ ಮಾಡುತ್ತವೆ. ತೆಳುವಾಗಿರುವಾಗ ಸುಲಭವಾಗಿ ಬಾಗಿದ ಪಟ್ಟಿಗಳು ಅಂಟು ಕಚ್ಚಿದ ಮೇಲೆ ಒಂದೇ ದಪ್ಪ ಮರವಾಗಿ ಆ ಆಕಾರವನ್ನು ಉಳಿಸಿಕೊಳ್ಳುತ್ತವೆ, ಆದ್ದರಿಂದ ಹೆದೆಯೇರಿಸಿದಾಗಲೇ ತೋಳಿನಲ್ಲಿ ಹೆಚ್ಚಿನ ಬಿಗಿತ ಸೇರಿ ಬಾಣಕ್ಕೆ ವೇಗ ದೊರೆಯುತ್ತದೆ. ಬಿಗಿಯಲು ಹತ್ತಿಪ್ಪತ್ತು ಕ್ಲಾಂಪುಗಳಿಲ್ಲದವರು ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಎಳೆದೆಳೆದು ಸುತ್ತುವುದುಂಟು. ರಬ್ಬರಿನ ಒತ್ತಡ ಎಲ್ಲೆಡೆ ಒಂದೇ ಸಮನಾಗಿ ಬೀಳುವುದರಿಂದ ಇದು ಕ್ಲಾಂಪಿಗಿಂತ ಕಡಿಮೆಯದೇನಲ್ಲ. ಎಪಾಕ್ಸಿಯಾದರೆ ಅತಿಯಾಗಿ ಬಿಗಿಯಬಾರದು, ಅಂಟೆಲ್ಲ ಹೊರಗೆ ಹಿಸುಕಿಹೋಗಿ ಸಂದು ಬರಿದಾಗುತ್ತದೆ. ಪದರಗಳ ಜೊತೆಯಲ್ಲಿಯೇ ಹೊಟ್ಟೆಯ ನಡುವಿಗೆ ಸುಮಾರು 35 ಸೆಂಟಿಮೀಟರ್ ಉದ್ದದ, ಎರಡೂ ಕಡೆ ಸಪೂರವಾಗುತ್ತ ಹೋಗುವ ಮರದ ತುಂಡನ್ನು ಹಿಡಿಯಾಗಿ ಅಂಟಿಸಿ, ಒಂದು ಪೂರ್ತಿ ದಿನ ಅಲುಗಿಸದೆ ಬಿಡಬೇಕು.

ಬಾಗಿನ ಹದ

ಅಚ್ಚಿನಿಂದ ಬಿಡಿಸಿದ ವಸ್ತು ಇನ್ನೂ ಬಿಲ್ಲಲ್ಲ, ಬಿಲ್ಲಿನ ಆಕಾರದ ಹಲಗೆ. ಅದರ ಬೆನ್ನಿನ ಮೇಲೆ ನಡುಗೆರೆ ಎಳೆದು, ಹಿಡಿಯ ಬಳಿ 30 ಮಿಲಿಮೀಟರ್, ಕೊಪ್ಪಿನ ಬಳಿ 12 ಮಿಲಿಮೀಟರ್ ಅಗಲ ಉಳಿಯುವಂತೆ ಎರಡೂ ಬದಿಗಳನ್ನು ಕೀಸುಳಿಯಿಂದ ಇಳಿಸಿ, ತುದಿಗಳಲ್ಲಿ ಅರದಿಂದ ಹೆದೆಗಾಗಿ ಓರೆಯಾದ ಕಚ್ಚು ಹಾಕಿದ ಮೇಲೆ, ಈ ಕಸುಬಿನ ಅತ್ಯಂತ ಸೂಕ್ಷ್ಮವಾದ ಘಟ್ಟ ಆರಂಭವಾಗುತ್ತದೆ. ಎರಡೂ ತೋಳುಗಳು ತಮ್ಮ ಉದ್ದಕ್ಕೂ ಹೊರೆಯನ್ನು ಹಂಚಿಕೊಂಡು ಬಾಗುವಂತೆ ಹೊಟ್ಟೆಯ ಮರವನ್ನು ಸ್ವಲ್ಪಸ್ವಲ್ಪವೇ ತೆಗೆಯುವ ಈ ಕೆಲಸಕ್ಕೆ ಟಿಲ್ಲರಿಂಗ್ ಎಂಬ ಹೆಸರಿದೆ. ಕನ್ನಡದಲ್ಲಿ ಅದನ್ನು ಬಾಗಿನ ಹದ ಎನ್ನಬಹುದು.

ಇದಕ್ಕೆ ಬೇಕಾದ ಸಾಧನ ಗೋಡೆಗೆ ಬಡಿದ ಒಂದು ಕಂಬ, ಅದರ ಮೇಲ್ತುದಿಯಲ್ಲಿ ಬಿಲ್ಲಿನ ಹಿಡಿ ಕೂರುವಷ್ಟು ಕಚ್ಚು, ಕೆಳಗೊಂದು ರಾಟೆ. ಸಡಿಲವಾದ ಉದ್ದನೆಯ ಹೆದೆ ಕಟ್ಟಿ, ಅದಕ್ಕೆ ಸಿಕ್ಕಿಸಿದ ಹಗ್ಗವನ್ನು ರಾಟೆಯ ಮೂಲಕ ಹಾಯಿಸಿ, ನಾಲ್ಕು ಹೆಜ್ಜೆ ದೂರ ನಿಂತು ಎಳೆದರೆ ಬಿಲ್ಲು ಬಾಗುವುದನ್ನು ಎದುರಿನಿಂದ ನೋಡಬಹುದು. ದೂರ ನಿಲ್ಲುವುದು ನೋಟಕ್ಕೂ ಒಳ್ಳೆಯದು, ಮರ ಸಿಡಿದರೆ ಮುಖಕ್ಕೂ ಒಳ್ಳೆಯದು. ಮೊದಲ ಎಳೆತದಲ್ಲಿ ತುದಿಗಳು 10 ಸೆಂಟಿಮೀಟರಿಗಿಂತ ಹೆಚ್ಚು ಸರಿಯದಂತೆ ನೋಡಿಕೊಂಡು, ಎಲ್ಲಿ ತೋಳು ನೆಟ್ಟಗೆ ಉಳಿದಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆ ಭಾಗದ ಹೊಟ್ಟೆಯನ್ನು ಮಾತ್ರ ಕೀಸುತ್ತಾರೆ. ಹೆಚ್ಚು ಬಾಗಿದ ಜಾಗವನ್ನು ಮುಟ್ಟುವುದಿಲ್ಲ. ಅದನ್ನು ಸರಿಪಡಿಸುವ ದಾರಿಯೆಂದರೆ ಅದರ ಅಕ್ಕಪಕ್ಕದ ಬಿಗುವನ್ನು ತಗ್ಗಿಸಿ ಹೊರೆಯನ್ನು ಹಂಚುವುದು. ಬಾಗಿಲಿನ ಕೀಲಿನಂತೆ ಒಂದೇ ಕಡೆ ಮಡಿಯುವ ಜಾಗ ಉಳಿದರೆ ಬಿಲ್ಲು ಮುರಿಯುವುದು ಅಲ್ಲಿಯೇ.

ಆರಂಭದಲ್ಲಿ ಕೀಸುಳಿ, ನಂತರ ಅರ, ಕೊನೆಗೆ ಒಡೆದ ಗಾಜಿನ ಚೂರು ಎಂಬ ಕ್ರಮದಲ್ಲಿ ಹತ್ಯಾರ ಬದಲಾಗುತ್ತದೆ. ಕಿಟಕಿಯ ಗಾಜಿನ ಚೂರಿನ ಅಂಚನ್ನು ಮರದ ಮೇಲೆ ತುಸು ಓರೆಯಾಗಿ ಹಿಡಿದು ಎಳೆದಾಗ ಬರುವ ಹೆರೆ ಪುಡಿಯಾಗದೆ ಸುರುಳಿಯಾಗಿ ಏಳುತ್ತದೆ. ಬಡಗಿಗಳಿಗೆ ಪರಿಚಿತವಾದ ಈ ಉಪಾಯ ಬಿಲ್ಲಿನ ಕೊನೆಯ ಹಂತಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಒಂದು ಎಳೆತಕ್ಕೆ ಹೋಗುವ ಮರ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಪ್ರತಿ ಸಲ ಕೀಸಿದ ಮೇಲೆ ಬಿಲ್ಲನ್ನು ಅದುವರೆಗೆ ತಲುಪಿದ ಸೆಳೆತದವರೆಗೆ ಇಪ್ಪತ್ತು ಮೂವತ್ತು ಸಲ ಎಳೆದು ಬಿಡಬೇಕು. ತೆಗೆದ ಮರದ ಪರಿಣಾಮ ಕೂಡಲೇ ಪೂರ್ತಿಯಾಗಿ ಕಾಣಿಸಿಕೊಳ್ಳುವುದಿಲ್ಲ, ಮರ ಹೊಸ ಬಾಗಿಗೆ ಒಗ್ಗಿಕೊಂಡ ಮೇಲೆಯೇ ಕಾಣಿಸುತ್ತದೆ. ಗುರಿಯಿಟ್ಟ ತೂಕ, ಅಂದರೆ ಹೆದೆಯನ್ನು ಪೂರ್ತಿ ಸೆಳೆದು ಹಿಡಿಯಲು ಬೇಕಾಗುವ ಬಲ, 40 ಪೌಂಡ್ ಎಂದಾದರೆ, ಸೆಳೆತ ಎಷ್ಟೇ ಇರಲಿ, ಹಗ್ಗಕ್ಕೆ ಸಿಕ್ಕಿಸಿದ ತಕ್ಕಡಿಯ ಮುಳ್ಳು 40 ದಾಟದಂತೆ ಎಳೆಯಬೇಕೆಂಬುದು ಅನುಭವಿಗಳು ಬಿಡದೆ ಪಾಲಿಸುವ ನಿಯಮ. ಬಾಗು ಸರಿಯಾಗುವ ಮೊದಲೇ ಪೂರ್ಣ ತೂಕವನ್ನು ಮೀರಿದರೆ ಹೊಟ್ಟೆಯ ಎಳೆಗಳು ಕಣ್ಣಿಗೆ ಕಾಣದಂತೆ ನಜ್ಜಾಗುತ್ತವೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಕೈ ಬಿಲ್ಲನ್ನು ಹಿಡಿಯುವುದು ನಡುವಿಗಿಂತ ಸ್ವಲ್ಪ ಕೆಳಗೆ ಮತ್ತು ಬಾಣ ಹಾಯುವುದು ಅದರ ಮೇಲೆ ಆಗಿರುವುದರಿಂದ, ಕೆಳತೋಳನ್ನು ಮೇಲ್ತೋಳಿಗಿಂತ ಕೊಂಚ ಬಿಗುವಾಗಿ ಬಿಡುವುದು ವಾಡಿಕೆ. ಹೆದೆಯೇರಿಸಿದಾಗ ಹೆದೆಗೂ ತೋಳಿಗೂ ಇರುವ ಅಂತರ ಕೆಳಗಿಗಿಂತ ಮೇಲೆ ನಾಲ್ಕೈದು ಮಿಲಿಮೀಟರ್ ಹೆಚ್ಚಿದ್ದರೆ ಸರಿ.

28 ಅಂಗುಲ ಸೆಳೆದಾಗ 40 ಪೌಂಡ್ ತೂಗುವ ಬಿಲ್ಲು ಸುಮಾರು 50 ಜೂಲ್ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬಾಣಕ್ಕೆ ಸಂದರೂ 30 ಗ್ರಾಂ ತೂಕದ ಮರದ ಬಾಣ ಸೆಕೆಂಡಿಗೆ 45 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಉಳಿದದ್ದು ತೋಳುಗಳ ಮತ್ತು ಹೆದೆಯ ಚಲನೆಯಲ್ಲಿ, ಅದುರಿನಲ್ಲಿ ಕಳೆದುಹೋಗುತ್ತದೆ. ಬಾಣವಿಲ್ಲದೆ ಬರಿದೇ ಹೆದೆ ಬಿಡಬಾರದೆಂಬ ಕಟ್ಟುನಿಟ್ಟಿಗೆ ಕಾರಣ ಇಲ್ಲಿದೆ: ಶಕ್ತಿಯನ್ನು ಹೊತ್ತೊಯ್ಯುವ ಬಾಣ ಇಲ್ಲದಿದ್ದರೆ ಅದಷ್ಟೂ ಮರಕ್ಕೇ ಹಿಂತಿರುಗಿ ಅಂಟಿನ ಸಂದನ್ನು ಬಿಡಿಸಬಹುದು, ತೋಳನ್ನೇ ಸೀಳಬಹುದು. ತುದಿಯಲ್ಲಿ ತೆಗೆದ ಒಂದು ಗ್ರಾಂ ಮರ ಹಿಡಿಯ ಬಳಿ ತೆಗೆದ ಹತ್ತು ಗ್ರಾಮಿಗಿಂತ ಹೆಚ್ಚು ವೇಗ ಕೊಡುವುದೂ ಇದೇ ಲೆಕ್ಕದಿಂದ, ಏಕೆಂದರೆ ಅತಿ ವೇಗವಾಗಿ ಚಲಿಸುವ ಭಾಗ ತುದಿಯೇ.

ಹೆದೆ

ಹೆದೆಯ ತಾಳಿಕೆ ಬಿಲ್ಲಿನ ಸೆಳೆತದ ತೂಕಕ್ಕಿಂತ ಕನಿಷ್ಠ ನಾಲ್ಕು ಪಟ್ಟಿರಬೇಕು, ಏಕೆಂದರೆ ಬಾಣ ಬಿಟ್ಟು ತೋಳುಗಳು ಒಮ್ಮೆಲೇ ನಿಂತಾಗ ಹೆದೆಯ ಮೇಲೆ ಬೀಳುವ ಜಗ್ಗು ಸೆಳೆಯುವಾಗಿನದಕ್ಕಿಂತ ಬಹಳ ಹೆಚ್ಚು. ಇಂದು ಹೆಚ್ಚಿನವರು ಪಾಲಿಯೆಸ್ಟರಿನ ಡೇಕ್ರಾನ್ ದಾರವನ್ನು ಬಳಸುತ್ತಾರೆ. ಅದು ತುಸು ಹಿಗ್ಗುವುದರಿಂದ ಮರದ ಬಿಲ್ಲಿಗೆ ಪೆಟ್ಟು ಕಡಿಮೆ. ಎಕ್ಕದ ನಾರಿನಿಂದ ಹೊಸೆಯಬಯಸುವವರು ಬಲಿತ ಕಾಂಡವನ್ನು ಕತ್ತರಿಸಿ, ಹಾಲು ಆರಿದ ಮೇಲೆ ಸಿಪ್ಪೆ ಬಿಡಿಸಿ, ಒಳಪದರದ ನಾರನ್ನು ಕೈಯಿಂದ ಉಜ್ಜಿ ಬೇರ್ಪಡಿಸಬೇಕಾಗುತ್ತದೆ. ಹಸಿ ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯಕಾರಿಯಾದ್ದರಿಂದ ಈ ಕೆಲಸವನ್ನು ಮಕ್ಕಳ ಕೈಗೆ ಕೊಡಬಾರದು. ಮೂರು ಎಳೆಗಳನ್ನು ಒಂದೊಂದಾಗಿ ಬಲಕ್ಕೆ ಹುರಿಗೊಳಿಸುತ್ತ, ಮೂರನ್ನೂ ಸೇರಿಸಿ ಎಡಕ್ಕೆ ಹೊಸೆದರೆ ಎರಡು ಹುರಿಗಳು ಒಂದನ್ನೊಂದು ಕಟ್ಟಿಹಾಕಿ ಹೆದೆ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಅದಕ್ಕೆ ಜೇನುಮೇಣ ಉಜ್ಜಿ, ಬಾಣ ಕೂರುವ ನಡುಭಾಗಕ್ಕೆ ಗಟ್ಟಿ ದಾರ ಸುತ್ತಿ, ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ 15ರಿಂದ 17 ಸೆಂಟಿಮೀಟರ್ ಅಂತರ ಇರುವಂತೆ ಉದ್ದವನ್ನು ಹೊಂದಿಸುತ್ತಾರೆ.

ಒಪ್ಪ ಮತ್ತು ಉಳಿವು

ಬಾಗು ಹದಗೊಂಡ ಮೇಲೆ ಹೊಳಪಿಗಿಂತ ಮೊದಲು ಅಂಚುಗಳನ್ನು ನೋಡಬೇಕು. ಬಿದಿರು ಸಿಬಿರೆದ್ದು ಸೀಳುವುದು ಸಾಮಾನ್ಯವಾಗಿ ಚೂಪಾಗಿ ಉಳಿದ ಅಂಚಿನಿಂದ. ಬೆನ್ನಿನ ಎರಡೂ ಅಂಚುಗಳನ್ನು ಬೆರಳು ಜಾರುವಷ್ಟು ದುಂಡಗೆ ಮಾಡಿ, ಅಲ್ಲಿ ಅರದ ಒಂದು ಅಡ್ಡಗೆರೆಯೂ ಉಳಿಯದಂತೆ ಉದ್ದಕ್ಕೆ ಉಜ್ಜುತ್ತಾರೆ. ಉಪ್ಪುಕಾಗದ 120ರಿಂದ ಆರಂಭಿಸಿ 180, 240, 320 ಎಂದು ನಯವಾಗುತ್ತ ಹೋಗಬೇಕು. 240ರ ನಂತರ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿದರೆ ಅಡಗಿದ್ದ ಎಳೆಗಳು ನಿಮಿರಿ ನಿಲ್ಲುತ್ತವೆ, ಅವನ್ನು ಕೊನೆಯ ಕಾಗದ ಸವರಿ ತೆಗೆಯುತ್ತದೆ. ಈ ಉಜ್ಜಾಟದಲ್ಲಿಯೂ ಮರ ಹೋಗುವುದರಿಂದ ಬಿಲ್ಲಿನ ತೂಕ ಒಂದೆರಡು ಪೌಂಡ್ ಇಳಿಯುತ್ತದೆ. ಆದ್ದರಿಂದ ಹದ ಮಾಡುವಾಗಲೇ ಅಷ್ಟನ್ನು ಹೆಚ್ಚಾಗಿ ಉಳಿಸಿಕೊಂಡಿರಬೇಕು.

ಲೇಪನದ ಉದ್ದೇಶ ಅಂದಕ್ಕಿಂತ ಹೆಚ್ಚಾಗಿ ತೇವವನ್ನು ತಡೆಯುವುದು. ಮಳೆಗಾಲದ ಗಾಳಿಯ ಆರ್ದ್ರತೆ ನೂರಕ್ಕೆ 80 ಮುಟ್ಟಿದಾಗ ಲೇಪನವಿಲ್ಲದ ಮರದ ನೀರಿನಂಶ ನೂರಕ್ಕೆ 16ರವರೆಗೆ ಏರಬಹುದು. ಆಗ ಬಿಲ್ಲು ಮೆತ್ತಗಾಗಿ, ಸೆಳೆದ ಬಾಗನ್ನು ಶಾಶ್ವತವಾಗಿ ಉಳಿಸಿಕೊಳ್ಳುತ್ತದೆ. ಅದಕ್ಕೆ ವಿರುದ್ಧವಾಗಿ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಅಂಶ 6ಕ್ಕೂ ಕೆಳಗಿಳಿದರೆ ಬೆನ್ನು ಪೆಡಸಾಗುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಡಗಿಗಳು ಮಾಡಿಕೊಳ್ಳುವ ಪಾಲಿಶ್ ಬೇಗ ಒಣಗುತ್ತದೆ, ತೇವದ ಆವಿಯನ್ನು ಚೆನ್ನಾಗಿ ತಡೆಯುತ್ತದೆ, ಸವೆದ ಕಡೆ ಮತ್ತೆ ಹಚ್ಚಲು ಸುಲಭ. ಅಗಸೆ ಎಣ್ಣೆ ಮರದ ಬಣ್ಣವನ್ನು ಎತ್ತಿಕೊಡುತ್ತದೆಯಾದರೂ ತೇವವನ್ನು ಅಷ್ಟಾಗಿ ತಡೆಯಲಾರದು. ಬೆರಳಿಗೆ ಸುತ್ತಿದ ಹಳೆಯ ಹತ್ತಿಬಟ್ಟೆಯಿಂದ ಅರಗಿನ ಪಾಲಿಶನ್ನು ನಾಲ್ಕೈದು ತೆಳುಪದರಗಳಾಗಿ ಹಚ್ಚಿ, ಕೊನೆಯ ಪದರ ಪೂರ್ತಿ ಆರಿದ ಮೇಲೆ ಜೇನುಮೇಣ ಸವರಿದರೆ ಅರಗು, ಮೇಣ ಎರಡರ ಗುಣವೂ ದೊರೆಯುತ್ತದೆ. ಅಗಸೆ ಎಣ್ಣೆ ಬಳಸುವವರು ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದನ್ನು ಹರಡಿ ಒಣಗಿಸಬೇಕು. ಹಿಡಿಗೆ ತೆಳುವಾದ ಚರ್ಮವನ್ನು ನೆನೆಸಿ ಹೊಲಿದರೆ ಒಣಗುತ್ತ ಬಿಗಿಯಾಗುತ್ತದೆ. ಕೊಪ್ಪಿಗೆ ಎಮ್ಮೆಯ ಕೊಂಬಿನ ತುಂಡನ್ನು ಅಂಟಿಸಿದರೆ ಹೆದೆ ಮರವನ್ನು ಕೊರೆಯುವುದು ತಪ್ಪುತ್ತದೆ.

ಬಳಸದಿರುವಾಗ ಹೆದೆ ಇಳಿಸಿ, ಗೋಡೆಗೆ ಎರಡು ಗೂಟ ಹೊಡೆದು ಅವುಗಳ ಮೇಲೆ ಅಡ್ಡಲಾಗಿ ಇರಿಸುವುದು, ತಗಡಿನ ಸೂರಿನ ಕೆಳಗಾಗಲಿ ಬಿಸಿಲಿಗೆ ನಿಂತ ಕಾರಿನೊಳಗಾಗಲಿ ಬಿಡದಿರುವುದು, ಪ್ರತಿ ಸಲ ಬಳಸುವ ಮೊದಲು ಅಂಟಿನ ಗೆರೆಗಳ ಮೇಲೆ ಉಗುರು ಆಡಿಸಿ ಎಲ್ಲಾದರೂ ಸಂದು ತೆರೆದಿದೆಯೇ ಎಂದು ನೋಡುವುದು, ಹೊಟ್ಟೆಯ ಮೇಲೆ ಅಡ್ಡಗೆರೆಗಳು ಮೂಡಿದರೆ ಸೆಳೆಯುವುದನ್ನು ಕೂಡಲೇ ನಿಲ್ಲಿಸುವುದು, ಇವಿಷ್ಟೂ ಆರೈಕೆಯ ಸಾರ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ದಪ್ಪನೆಯ ಹುಲ್ಲಿನ ಬಣವೆಯೋ ಇರದ ಬಯಲಿನಲ್ಲಿ ಬಾಣ ಬಿಡುವುದು ದನ ಮೇಯುವ ನಾಡಿನಲ್ಲಿ ಸಲ್ಲದು.

ಈ ಬಿಲ್ಲಿಗೆ ಬೇಕಾದ ಕೌಶಲಗಳಲ್ಲಿ ಹೊರಗಿನಿಂದ ಕಲಿಯಬೇಕಾದುದು ಬಹಳ ಕಡಿಮೆ. ಬಿದಿರಿನ ನಾರಿನ ದಿಕ್ಕನ್ನು ಓದುವ ಮೇದರು, ಗಟ್ಟಿಮರವನ್ನು ಪಟ್ಟಿಯಾಗಿ ಕೊಯ್ಯುವ ಸಾಮಿಲ್ಲಿನವರು, ಗಾಜಿನ ಚೂರಿನಿಂದ ಕೀಸಿ ಅರಗಿನ ಒಪ್ಪ ಕೊಡುವ ಬಡಗಿ, ನಾರು ಹೊಸೆಯುವ ರೈತ, ಇವರೆಲ್ಲರೂ ಒಂದೇ ಹೋಬಳಿಯಲ್ಲಿ ಸಿಗುತ್ತಾರೆ. ಸೇರಬೇಕಾದುದು ಬಾಗಿನ ಲೆಕ್ಕವೊಂದೇ, ಅದು ಶಾಲೆಯ ಭೌತಶಾಸ್ತ್ರದ ಪಾಠದೊಳಗೆ ಅಡಗುವಷ್ಟೇ ದೊಡ್ಡದು. ಪ್ಲಾಸ್ಟಿಕ್ ಬುಟ್ಟಿ, ಕಬ್ಬಿಣದ ಬಂಡಿಗಳಿಂದ ಕೆಲಸ ಕಳೆದುಕೊಂಡ ಈ ಕಸುಬುಗಳಿಗೆ ಬಿಲ್ಲೊಂದೇ ಹೊಟ್ಟೆ ಹೊರೆಯಲಾರದು. ಆದರೆ ಬಿಲ್ಗಾರಿಕೆ ಕಲಿಯಲಿಚ್ಛಿಸುವ ಹಳ್ಳಿಯ ಶಾಲೆಯ ಮಕ್ಕಳಿಗೆ ಹತ್ತಿರದಲ್ಲಿಯೇ ತಯಾರಾದ, ಮುರಿದರೆ ಹತ್ತಿರದಲ್ಲಿಯೇ ದುರಸ್ತಿಯಾಗುವ ಬಿಲ್ಲು ದೊರೆಯುವುದಕ್ಕೆ, ಕೆರೆಯಂಗಳದಿಂದ ಕಿತ್ತೆಸೆಯುವ ಬಳ್ಳಾರಿ ಜಾಲಿಯ ಒಂದು ಪಾಲಾದರೂ ಒಲೆಗೆ ಹೋಗದೆ ಕೀಸುಳಿಯ ಕೆಳಗೆ ಬರುವುದಕ್ಕೆ, ಈ ಸೀಮೆಯಲ್ಲಿ ವಸ್ತುವಿನ ಕೊರತೆಯಾಗಲಿ ಕೈಯ ಕೊರತೆಯಾಗಲಿ ಅಡ್ಡಿಯಾಗಬೇಕಾದ ಕಾರಣವಿಲ್ಲ.